ದೊಡ್ಡ ಹುಣಸೆ ಮರ: ಗುರುತು, ಉಪಯೋಗ ಮತ್ತು ಗ್ರಾಮ ಪಂಚಾಯಿತಿಗಳ ಹೊಣೆ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಜೀವವೈವಿಧ್ಯ ನಿರ್ವಹಣಾ ಸಮಿತಿಗಳು, ಶಾಲಾ ಮುಖ್ಯೋಪಾಧ್ಯಾಯರು ಹಾಗೂ ರೈತ ಬಾಂಧವರ ಮಾಹಿತಿಗಾಗಿ)

ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಗಿಡಮರ, ಪ್ರಾಣಿಪಕ್ಷಿ ಹಾಗೂ ಬೆಳೆ ತಳಿಗಳ ವಿವರವನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕಾಗಿದೆ. ಬೇವು, ಹುಣಸೆ, ಬನ್ನಿ, ಜಾಲಿ, ಆಲ, ಅರಳಿ, ಅತ್ತಿ ಮುಂತಾದ ಮರಗಳನ್ನು ಗುರುತಿಸಿ ಬರೆಯುವುದು ನಮ್ಮ ಭಾಗದ ಹಿರಿಯರಿಗೆ ಕಷ್ಟವಲ್ಲ. ಆದರೆ ಹಳೆಯ ದರ್ಗಾ, ಮಠ, ಕೋಟೆ ಹಾಗೂ ಗುಮ್ಮಟಗಳ ಆವರಣದಲ್ಲಿ ಅಪರೂಪವಾಗಿ ಕಾಣುವ, ಆನೆಯ ಕಾಲಿನಂತೆ ದಪ್ಪನಾದ ಕಾಂಡವುಳ್ಳ ಒಂದು ಮರವಿದೆ. ಅದರ ಹೆಸರು ತಿಳಿದವರು ಕಡಿಮೆ. ಹೆಸರು ತಿಳಿಯದ ಮರವು ದಾಖಲೆಗೆ ಸೇರುವುದಿಲ್ಲ. ದಾಖಲೆಗೆ ಸೇರದ ಮರವು ರಸ್ತೆ ಅಗಲೀಕರಣದ ನಕ್ಷೆಯಲ್ಲಿಯೂ ಕಾಣುವುದಿಲ್ಲ. ಆ ಮರವೇ ದೊಡ್ಡ ಹುಣಸೆ. ಜಗತ್ತು ಅದನ್ನು ಬಾವೋಬಾಬ್ ಎಂದು ಕರೆಯುತ್ತದೆ.

ಈ ಮರದ ಗುರುತು, ಅದು ನಮ್ಮ ನಾಡಿಗೆ ಬಂದ ಬಗೆ, ಅದರ ಉಪಯೋಗಗಳು, ಅದನ್ನು ನೆಡಲು ತಕ್ಕ ಹಾಗೂ ತಕ್ಕುದಲ್ಲದ ಸ್ಥಳಗಳು ಮತ್ತು ಹಳೆಯ ಮರಗಳ ವಿಷಯದಲ್ಲಿ ಪಂಚಾಯಿತಿಗಳು ಕೈಗೊಳ್ಳಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಮರದ ಗುರುತು

ಸಸ್ಯಶಾಸ್ತ್ರದಲ್ಲಿ ಈ ಮರದ ಹೆಸರು ಅಡಾನ್ಸೋನಿಯಾ ಡಿಜಿಟೇಟಾ. 1749ರಲ್ಲಿ ಆಫ್ರಿಕಾದ ಸೆನೆಗಲ್ ದೇಶಕ್ಕೆ ತೆರಳಿ ಅಲ್ಲಿ ಈ ಮರವನ್ನು ಅಭ್ಯಾಸ ಮಾಡಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಮಿಶೆಲ್ ಅಡಾನ್ಸನ್ ಅವರ ಸ್ಮರಣೆಗಾಗಿ ಲಿನೇಯಸ್ ಈ ಹೆಸರಿಟ್ಟರು. ‘ಡಿಜಿಟೇಟಾ’ ಎಂದರೆ ಬೆರಳುಗಳಂತೆ ಹರಡಿದ್ದು ಎಂದರ್ಥ. ಒಂದೇ ತೊಟ್ಟಿನಿಂದ ಐದರಿಂದ ಏಳು ಕಿರುಎಲೆಗಳು ಅಂಗೈಯ ಬೆರಳುಗಳಂತೆ ಹೊರಡುವುದರಿಂದ ಆ ಹೆಸರು ಬಂದಿದೆ.

ಕನ್ನಡದಲ್ಲಿ ದೊಡ್ಡ ಹುಣಸೆ, ಆನೆ ಹುಣಸೆ, ಬ್ರಹ್ಮಾಮ್ಲಿಕಾ ಎಂಬ ಹೆಸರುಗಳಿವೆ. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳ ಗಡಿ ಗ್ರಾಮಗಳಲ್ಲಿ ಮರಾಠಿ ಬಲ್ಲವರು ‘ಗೋರಖ ಚಿಂಚ’ ಎಂಬ ಹೆಸರನ್ನು ಕೇಳಿರಬಹುದು. ಹಿಂದಿಯಲ್ಲಿ ಅದೇ ‘ಗೋರಖ ಇಮ್ಲಿ’. ಈ ಎಲ್ಲ ಹೆಸರುಗಳಲ್ಲಿ ಹುಣಸೆ ಸೇರಿಕೊಂಡಿರುವುದಕ್ಕೆ ಹಣ್ಣಿನ ತಿರುಳಿನ ಹುಳಿರುಚಿಯೇ ಕಾರಣ. ವಾಸ್ತವವಾಗಿ ಹುಣಸೆಗೂ ಈ ಮರಕ್ಕೂ ಯಾವ ಸಂಬಂಧವೂ ಇಲ್ಲ. ಇದರ ನಿಜವಾದ ಬಂಧುಗಳು ನಮ್ಮ ಹೊಲದಲ್ಲಿಯೇ ಇವೆ: ಹತ್ತಿ, ಬೆಂಡೆ ಮತ್ತು ಪುಂಡಿ. ಈ ಮೂರೂ ಬೆಳೆಗಳು ಹಾಗೂ ಬೂರುಗದ ಮರವು ದೊಡ್ಡ ಹುಣಸೆಯ ಕುಟುಂಬಕ್ಕೇ ಸೇರಿದವು. ಬೆಂಡೆಯ ಲೋಳೆ, ಪುಂಡಿಯ ನಾರು ಈ ಮರದಲ್ಲಿಯೂ ಇರುವುದು ಈ ಬಂಧುತ್ವದಿಂದಲೇ.

ಗುರುತಿಸುವಾಗ ಕೆಳಗಿನ ಲಕ್ಷಣಗಳನ್ನು ಗಮನಿಸಬೇಕು.

1. ಎತ್ತರಕ್ಕೆ ಹೋಲಿಸಿದರೆ ಕಾಂಡದ ಸುತ್ತಳತೆ ಬಹಳ ಹೆಚ್ಚು. ತೊಗಟೆ ಬೂದುಬಣ್ಣದ್ದು, ನುಣುಪಾದದ್ದು, ಅಲ್ಲಲ್ಲಿ ಮಡಿಕೆ ಬಿದ್ದದ್ದು. ಬೂರುಗದ ಎಳೆಯ ಕಾಂಡದಲ್ಲಿರುವಂತಹ ಮುಳ್ಳುಗಳು ಇರುವುದಿಲ್ಲ.
2. ಚಳಿಗಾಲದಲ್ಲಿ ಎಲೆ ಉದುರಿ ಬೇಸಿಗೆಯುದ್ದಕ್ಕೂ ಮರ ಬರಿದಾಗಿರುತ್ತದೆ. ಮುಂಗಾರಿನ ಸಮಯಕ್ಕೆ ಚಿಗುರುತ್ತದೆ.
3. ಹೂವು ದೊಡ್ಡದು, ಬಿಳಿಯದು. ಉದ್ದನೆಯ ತೊಟ್ಟಿನಿಂದ ಕೆಳಮುಖವಾಗಿ ತೂಗುತ್ತದೆ. ಸಂಜೆ ಅರಳಿ ಮರುದಿನವೇ ಬಾಡುತ್ತದೆ. ಬೂರುಗದ ಹೂವು ಕೆಂಪು. ಆದ್ದರಿಂದ ಹೂವಿನ ಕಾಲದಲ್ಲಿ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಸುಲಭ.
4. ಕಾಯಿಯ ಹೊರಚಿಪ್ಪು ಮರದಂತೆ ಗಟ್ಟಿ. ಅದರ ಮೇಲೆ ಮಖಮಲ್ಲಿನಂತಹ ನವಿರು ರೋಮ. ಒಳಗೆ ಸುಣ್ಣದ ಉಂಡೆಯಂತೆ ಬಿಳಿಯಾದ, ಒಣಗಿದ ಹುಳಿ ತಿರುಳು. ಆ ತಿರುಳಿನಲ್ಲಿ ಕಪ್ಪು ಮಿಶ್ರಿತ ಕಂದುಬಣ್ಣದ ಬೀಜಗಳಿರುತ್ತವೆ.

ಎಳೆಯ ಸಸಿಯ ಎಲೆ ಮಾತ್ರ ಬೆರಳುಗಳಾಗಿ ಒಡೆದಿರುವುದಿಲ್ಲ, ಒಂದೇ ಎಲೆಯಾಗಿರುತ್ತದೆ. ಸಸ್ಯಾಗಾರದಿಂದ ಸಸಿ ತರುವವರು ಎಲೆ ಬೇರೆಯಾಗಿದೆ ಎಂದು ಸಂಶಯಪಡಬೇಕಾಗಿಲ್ಲ.

ದಖ್ಖನಿಗೆ ಬಂದ ಬಗೆ

ಬಾವೋಬಾಬ್ ಕುಲದಲ್ಲಿ ಎಂಟು ಜಾತಿಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಆರು ಮಡಗಾಸ್ಕರ್ ದ್ವೀಪದಲ್ಲಿ, ಒಂದು ಆಸ್ಟ್ರೇಲಿಯಾದ ವಾಯವ್ಯ ಭಾಗದಲ್ಲಿ, ಇನ್ನೊಂದು ಆಫ್ರಿಕಾ ಖಂಡದಲ್ಲಿ ಸಹಜವಾಗಿ ಬೆಳೆಯುತ್ತವೆ. ಭಾರತದಲ್ಲಿರುವುದು ಆಫ್ರಿಕಾದ ಜಾತಿ. ಅಂದರೆ ಇದು ನಮ್ಮ ನೆಲದಲ್ಲಿ ತಾನಾಗಿ ಹುಟ್ಟಿದ ಮರವಲ್ಲ, ಮನುಷ್ಯರ ಕೈಯಿಂದ ಬಂದ ಮರ. ಭಾರತದ ಮರಗಳ ಅನುವಂಶೀಯ ಗುಣಗಳನ್ನು ಆಫ್ರಿಕಾದ ಮರಗಳೊಡನೆ ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಮರ ಒಂದೇ ಬಾರಿ ಬಂದದ್ದಲ್ಲ, ಬೇರೆ ಬೇರೆ ಕಾಲದಲ್ಲಿ ಹಲವು ಬಾರಿ ಬಂದಿದೆ, ಬಹುಪಾಲು ಪೂರ್ವ ಆಫ್ರಿಕಾದ ಕಡೆಯಿಂದ ಬಂದಿದೆ ಎಂದು ತೋರಿಸಿಕೊಟ್ಟಿದೆ.

ಪೂರ್ವ ಆಫ್ರಿಕಾದೊಡನೆ ನಮ್ಮ ಪ್ರದೇಶಕ್ಕಿದ್ದ ನಂಟು ಹಳೆಯದು. 1347ರಲ್ಲಿ ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಸ್ಥಾಪನೆಯಾದ ಬಹಮನಿ ರಾಜ್ಯದಲ್ಲಿಯೂ, ಅನಂತರ ವಿಜಯಪುರದ ಆದಿಲ್‌ಶಾಹಿಯಲ್ಲಿಯೂ ಹಬ್ಶಿಗಳೆಂದು ಕರೆಯಲಾಗುತ್ತಿದ್ದ ಆಫ್ರಿಕಾ ಮೂಲದ ಸೈನಿಕರು ಹಾಗೂ ಅಧಿಕಾರಿಗಳು ಇದ್ದರು. ಮುಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಅವರಲ್ಲಿ ಒಬ್ಬರು. ಅರಬ್ಬಿ ಸಮುದ್ರದ ವ್ಯಾಪಾರಿಗಳು, ಸೂಫಿಗಳು, ನಾಥಪಂಥದ ಸಂಚಾರಿಗಳು ಓಡಾಡಿದ ದಾರಿಗಳಲ್ಲಿಯೇ ಈ ಮರಗಳು ಇಂದು ಕಾಣುತ್ತವೆ. ಗೋರಖನಾಥರ ಹೆಸರು ಮರಕ್ಕೆ ಅಂಟಿಕೊಂಡಿರುವುದೂ, ದರ್ಗಾಗಳ ಸಮೀಪದಲ್ಲಿ ಮರ ಇರುವುದೂ ಇದಕ್ಕೆ ಹೊಂದಿಕೆಯಾಗುತ್ತದೆ.

ನಮಗೆ ಸಮೀಪದ ಉದಾಹರಣೆಗಳು ವಿಜಯಪುರ ನಗರದಲ್ಲಿವೆ; ಆದಿಲ್‌ಶಾಹಿ ಕಾಲದ ಕಟ್ಟಡಗಳ ಆಸುಪಾಸಿನಲ್ಲಿ ಈ ಮರಗಳನ್ನು ಇಂದಿಗೂ ನೋಡಬಹುದು. 1948ರವರೆಗೆ ನಮ್ಮ ಭಾಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ರಾಜಧಾನಿಯಲ್ಲಿ, ಗೋಲ್ಕೊಂಡ ಕೋಟೆಯ ನಯಾ ಕಿಲಾ ಎಂಬ ಭಾಗದಲ್ಲಿ, ‘ಹಾತಿಯಾನ್ ಕಾ ಝಾಡ್’ ಎಂದು ಪ್ರಸಿದ್ಧವಾದ ಮರವಿದೆ. ಅದರ ಸುತ್ತಳತೆ ಸುಮಾರು 27 ಮೀಟರ್. ಕರ್ನಾಟಕದಲ್ಲಿ ಹೆಚ್ಚು ಪ್ರಸಿದ್ಧವಾದವು ಹಾವೇರಿ ಜಿಲ್ಲೆಯ ಸವಣೂರಿನ ಮೂರು ಮರಗಳು. ಅಲ್ಲಿನ ಮಠವನ್ನು ಜನರು ದೊಡ್ಡಹುಣಸೆ ಕಲ್ಮಠವೆಂದೇ ಕರೆಯುತ್ತಾರೆ. ಮರವೇ ಮಠಕ್ಕೆ ಹೆಸರು ಕೊಟ್ಟಿದೆ.

ಆಹಾರವಾಗಿ ಬಳಕೆ

ಹಣ್ಣು ಮರದಲ್ಲಿಯೇ ಒಣಗುವುದು ಈ ಮರದ ವಿಶೇಷ. ಚಿಪ್ಪು ಒಡೆದರೆ ತಿರುಳು ಪುಡಿಯಾಗಿಯೇ ದೊರೆಯುತ್ತದೆ. ಬಿಸಿಲಿಗೆ ಹಾಕಿ ಒಣಗಿಸುವ ಕೆಲಸವಿಲ್ಲ. ತೇವ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ನೂರು ಗ್ರಾಂ ತಿರುಳಿನಲ್ಲಿ, ಮರದಿಂದ ಮರಕ್ಕೆ ವ್ಯತ್ಯಾಸವಿದ್ದರೂ, ಸುಮಾರು 150ರಿಂದ 500 ಮಿಲಿಗ್ರಾಂ ಸಿ ಜೀವಸತ್ವವಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಅದೇ ತೂಕದ ಕಿತ್ತಳೆ ಹಣ್ಣಿನಲ್ಲಿ ಇರುವುದು ಸುಮಾರು 50 ಮಿಲಿಗ್ರಾಂ ಮಾತ್ರ. ಸುಣ್ಣದ ಅಂಶ ಹಾಗೂ ನಾರಿನ ಅಂಶವೂ ಚೆನ್ನಾಗಿದೆ. ಐರೋಪ್ಯ ಒಕ್ಕೂಟವು 2008ರಲ್ಲಿ ಈ ಒಣ ತಿರುಳನ್ನು ಆಹಾರ ಪದಾರ್ಥವಾಗಿ ಮಾರಲು ಅನುಮತಿ ನೀಡಿದ ಮೇಲೆ ಅದಕ್ಕೆ ಹೊರದೇಶಗಳಲ್ಲಿ ಮಾರುಕಟ್ಟೆ ಬೆಳೆದಿದೆ.

ತಿರುಳನ್ನು ನೀರಿನಲ್ಲಿ ಕಿವುಚಿ, ಸೋಸಿ, ಬೆಲ್ಲ ಸೇರಿಸಿ ಪಾನಕ ಮಾಡಬಹುದು, ಮಜ್ಜಿಗೆಗೂ ಬೆರೆಸಬಹುದು. ಕುದಿಸಿದರೆ ಸಿ ಜೀವಸತ್ವ ನಷ್ಟವಾಗುವುದರಿಂದ ತಣ್ಣೀರಿನಲ್ಲಿ ಕಲಸುವುದೇ ಮೇಲು. ಸುಡಾನ್ ದೇಶದಲ್ಲಿ ಈ ಪಾನೀಯ ಮನೆಮನೆಯಲ್ಲಿ ಬಳಕೆಯಲ್ಲಿದೆ. ಕೀನ್ಯಾದ ಕರಾವಳಿಯಲ್ಲಿ ತಿರುಳು ಅಂಟಿದ ಬೀಜಗಳಿಗೆ ಸಕ್ಕರೆ ಪಾಕ ಹಾಗೂ ಬಣ್ಣ ಹಚ್ಚಿ ‘ಮಬುಯು’ ಎಂಬ ಮಿಠಾಯಿ ಮಾಡಿ ಮಾರುತ್ತಾರೆ. ನಮ್ಮ ದೇಶದಲ್ಲಿಯೇ, ಮಧ್ಯಪ್ರದೇಶದ ಧಾರ್ ಜಿಲ್ಲೆಯ ಮಾಂಡುವಿನಲ್ಲಿ, ಕೋಟೆ ನೋಡಲು ಬರುವ ಪ್ರವಾಸಿಗರಿಗೆ ಸ್ಥಳೀಯರು ‘ಮಾಂಡು ಕೀ ಇಮ್ಲಿ’ ಎಂಬ ಹೆಸರಿನಲ್ಲಿ ಇದೇ ಕಾಯಿಯನ್ನು ರಸ್ತೆಬದಿಯಲ್ಲಿ ಮಾರಿ ಆದಾಯ ಪಡೆಯುತ್ತಾರೆ.

ಪಶ್ಚಿಮ ಆಫ್ರಿಕಾದಲ್ಲಿ ಹಣ್ಣಿಗಿಂತಲೂ ಎಲೆಗೆ ಹೆಚ್ಚು ಬೆಲೆ. ಎಳೆಯ ಎಲೆಯನ್ನು ಹಸಿಯಾಗಿ ಪಲ್ಯ ಮಾಡುತ್ತಾರೆ. ಉಳಿದದ್ದನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿಟ್ಟುಕೊಂಡು, ಎಲೆ ಸಿಗದ ತಿಂಗಳುಗಳಲ್ಲಿ ಸಾರಿಗೆ ಹಾಕುತ್ತಾರೆ. ಬೆಂಡೆಯಂತೆ ಲೋಳೆ ಬಿಡುವುದರಿಂದ ಸಾರು ಮಂದವಾಗುತ್ತದೆ. ಜೋಳ ಹಾಗೂ ಸಜ್ಜೆಯ ಮುದ್ದೆಯೊಡನೆ ಅವರು ಅದನ್ನು ಉಣ್ಣುತ್ತಾರೆ. ಜೋಳದ ರೊಟ್ಟಿಯೊಡನೆ ಪುಂಡಿ ಪಲ್ಯ ಉಣ್ಣುವ ನಮಗೆ ಈ ಊಟದ ಕ್ರಮ ಹೊಸದೆನಿಸಲಾರದು.

ಬೀಜವನ್ನು ಹುರಿದು ತಿನ್ನುವ ಹಾಗೂ ಪುಡಿ ಮಾಡಿ ಸಾರಿಗೆ ಬಳಸುವ ರೂಢಿಯೂ ಅಲ್ಲಿದೆ. ಬೀಜದ ಎಣ್ಣೆಯನ್ನು ಚರ್ಮ ಹಾಗೂ ಕೂದಲಿಗೆ ಹಚ್ಚಲು ಬಳಸಲಾಗುತ್ತದೆ. ಹತ್ತಿಬೀಜದ ಎಣ್ಣೆಯಲ್ಲಿರುವಂತೆಯೇ ಇದರಲ್ಲಿಯೂ ದೇಹಕ್ಕೆ ಒಗ್ಗದ ಕೆಲವು ಕೊಬ್ಬಿನ ಆಮ್ಲಗಳಿರುವುದರಿಂದ, ಗಾಣದಿಂದ ತೆಗೆದ ಎಣ್ಣೆಯನ್ನು ಶುದ್ಧೀಕರಿಸದೆ ಅಡುಗೆಗೆ ಬಳಸಬಾರದು.

ನಾರು, ನೀರು ಮತ್ತು ಇತರ ಬಳಕೆ

ಒಳತೊಗಟೆಯಿಂದ ಗಟ್ಟಿಯಾದ ನಾರು ಬರುತ್ತದೆ. ಪುಂಡಿಯ ದಂಟನ್ನು ನೀರಿನಲ್ಲಿ ಕೊಳೆಹಾಕಿ ಹಗ್ಗ ಹೊಸೆಯುವುದನ್ನು ಬಲ್ಲ ನಮ್ಮ ರೈತರಿಗೆ ಇದರ ಮಹತ್ವ ತಿಳಿಯುತ್ತದೆ. ಆಫ್ರಿಕಾದಲ್ಲಿ ಈ ನಾರಿನಿಂದ ಹಗ್ಗ, ಬುಟ್ಟಿ, ಚೀಲ, ಚಾಪೆಗಳನ್ನು ಹೆಣೆಯುತ್ತಾರೆ. ಸುತ್ತ ತೊಗಟೆ ಸುಲಿದರೆ ಸಾಮಾನ್ಯವಾಗಿ ಮರಗಳು ಸಾಯುತ್ತವೆ. ದೊಡ್ಡ ಹುಣಸೆ ಮಾತ್ರ ಹೊಸ ತೊಗಟೆ ಬೆಳೆಸಿಕೊಂಡು ಬದುಕುತ್ತದೆ. ಆದರೂ ನಮ್ಮಲ್ಲಿರುವ ಮರಗಳು ಬೆರಳೆಣಿಕೆಯಷ್ಟು ಮಾತ್ರವಾದ್ದರಿಂದ ಅವುಗಳ ತೊಗಟೆಗೆ ಯಾರೂ ಕೈ ಹಚ್ಚಬಾರದು.

ಕಾಂಡವು ಸ್ಪಂಜಿನಂತೆ ಮೆದುವಾಗಿದ್ದು ಅದರ ತೂಕದ ಬಹುಪಾಲು ನೀರೇ ಆಗಿರುತ್ತದೆ. ಸುಡಾನಿನ ಕೊರ್ಡೊಫಾನ್ ಪ್ರಾಂತದಲ್ಲಿ ಹಳೆಯ ಮರಗಳ ಪೊಳ್ಳು ಕಾಂಡಗಳನ್ನು ಒಳಗಿನಿಂದ ಕೊರೆದು, ಮಳೆಗಾಲದಲ್ಲಿ ಪಕ್ಕದ ಗುಂಡಿಯಲ್ಲಿ ನಿಂತ ನೀರನ್ನು ಸೇದಿ ತುಂಬಿ, ಬೇಸಿಗೆಯಲ್ಲಿ ಕುಡಿಯಲು ಬಳಸುತ್ತಿದ್ದರು. ಒಂದೊಂದು ಮರದಲ್ಲಿ ಸಾವಿರಾರು ಲೀಟರ್ ನೀರು ಹಿಡಿಯುತ್ತಿತ್ತು. ಬೇರೆ ನೀರಿನ ಆಸರೆಯೇ ಇಲ್ಲದ ನಾಡಿನ ಕ್ರಮವದು, ಇಲ್ಲಿ ಅನುಸರಿಸತಕ್ಕದ್ದಲ್ಲ. ಆದರೆ ಬರಗಾಲದ ನಾಡಿನ ಜನರು ಈ ಮರವನ್ನು ಏಕೆ ಆಸ್ತಿಯೆಂದು ತಿಳಿದು ಮಕ್ಕಳಿಗೆ ಹಂಚಿಕೊಡುತ್ತಿದ್ದರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಲೆಯನ್ನು ದನಕರು, ಆಡು, ಕುರಿಗಳು ಇಷ್ಟಪಟ್ಟು ತಿನ್ನುತ್ತವೆ. ಒಣಗಿದ ಚಿಪ್ಪು ಹಗುರವಾಗಿ ನೀರಿನಲ್ಲಿ ತೇಲುವುದರಿಂದ ಗುಜರಾತಿನ ಮೀನುಗಾರರು ಅದನ್ನು ಬಲೆಗೆ ಕಟ್ಟುತ್ತಿದ್ದರು. ಚಿಪ್ಪಿನಿಂದ ಸೌಟು, ಬಟ್ಟಲು, ಅಲಂಕಾರದ ವಸ್ತುಗಳನ್ನೂ ಮಾಡಬಹುದು.

ಒಂದು ಅಂಶವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಇಷ್ಟೆಲ್ಲ ಉಪಯೋಗಗಳಲ್ಲಿ ಕಟ್ಟಿಗೆ ಸೇರಿಲ್ಲ. ಈ ಮರದ ದಿಮ್ಮಿಯಿಂದ ಬಾಗಿಲು, ತೊಲೆ, ಗಾಡಿಯ ಗಾಲಿ ಯಾವುದೂ ಆಗದು. ಕಡಿದು ಬಿಟ್ಟರೆ ಕೊಳೆತು ನಾರಿನ ರಾಶಿಯಾಗುತ್ತದೆ. ಒಲೆಗೂ ಸರಿಯಾಗಿ ಉರಿಯದು. ಆದ್ದರಿಂದ ಈ ಮರವನ್ನು ಕಡಿದವರಿಗೆ ಯಾವ ಲಾಭವೂ ಇಲ್ಲ. ಅದರಿಂದ ದೊರೆಯುವ ಪ್ರತಿಯೊಂದು ಪ್ರಯೋಜನವೂ ಮರ ಜೀವಂತವಾಗಿ ನಿಂತಿರುವವರೆಗೆ ಮಾತ್ರ.

ಔಷಧದ ಮಾತು ಹಾಗೂ ಎಚ್ಚರಿಕೆ

ತಿರುಳನ್ನು ಮಜ್ಜಿಗೆಯೊಡನೆ ಬೆರೆಸಿ ಭೇದಿಗೆ ಕೊಡುವುದು, ಎಲೆ ಹಾಗೂ ತೊಗಟೆಯನ್ನು ಜ್ವರಕ್ಕೆ ಬಳಸುವುದು ಆಫ್ರಿಕಾದಲ್ಲಿಯೂ ಪಶ್ಚಿಮ ಭಾರತದಲ್ಲಿಯೂ ಹಿಂದಿನಿಂದ ಬಂದ ರೂಢಿ. ಪೋಷಕಾಂಶಗಳ ದೃಷ್ಟಿಯಿಂದ ತಿರುಳು ಒಳ್ಳೆಯ ಆಹಾರವೆಂಬುದು ನಿಜ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಮುಂತಾದವನ್ನು ಇದು ಗುಣಪಡಿಸುತ್ತದೆ ಎಂದು ಹೇಳಿ ಪುಡಿಯನ್ನು ಹೆಚ್ಚಿನ ಬೆಲೆಗೆ ಮಾರುವವರ ಮಾತನ್ನು ನಂಬಬಾರದು. ವೈದ್ಯರು ಬರೆದುಕೊಟ್ಟ ಔಷಧವನ್ನು ಬಿಟ್ಟು ಇದನ್ನು ಸೇವಿಸುವುದು ಅಪಾಯಕರ. ಮಕ್ಕಳಿಗೆ ಭೇದಿಯಾದಾಗ ಮೊದಲು ಕೊಡಬೇಕಾದದ್ದು ಜೀವಜಲದ ದ್ರಾವಣ; ಸಮೀಪದ ಆರೋಗ್ಯ ಕೇಂದ್ರ ಹಾಗೂ ಆಶಾ ಕಾರ್ಯಕರ್ತೆಯರಲ್ಲಿ ಅದು ದೊರೆಯುತ್ತದೆ.

ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು

ಬಿಸಿಲು, ಮಳೆಯ ಅಭಾವ, ಕಲ್ಲುಮಿಶ್ರಿತ ನೆಲ ಇವುಗಳನ್ನು ಸಹಿಸುವ ಮರವೆಂಬ ಕಾರಣಕ್ಕೆ ನಮ್ಮ ಮೂರು ತಾಲ್ಲೂಕುಗಳಿಗೆ ಇದು ಹೊಂದುತ್ತದೆ. ಆದರೆ ಅದಕ್ಕೆ ಮಿತಿಗಳಿವೆ.

ನೀರು ನಿಲ್ಲುವ ನೆಲವನ್ನು ಇದು ಸಹಿಸುವುದಿಲ್ಲ. ಭೀಮಾ ತೀರದ ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಆಳವಾದ ಎರೆಭೂಮಿಯ ತಗ್ಗುಗಳಲ್ಲಿ ಬೇರು ಕೊಳೆಯುವ ಸಂಭವವಿದೆ. 2020ರ ಅಕ್ಟೋಬರ್ ತಿಂಗಳಲ್ಲಿ ಭೀಮಾ ನದಿಯ ಪ್ರವಾಹ ಬಂದ ಸ್ಥಳಗಳಲ್ಲಿ ನೆಡುವುದು ಸೂಕ್ತವಲ್ಲ. ಇಳಿಜಾರಿರುವ, ಗರಸು ನೆಲವಿರುವ ಎತ್ತರದ ಗೋಮಾಳ, ಆಳಂದ ಭಾಗದ ಗುಡ್ಡದ ಬುಡ, ಶಾಲಾ ಮೈದಾನದ ದೂರದ ಮೂಲೆ ಇವು ತಕ್ಕ ಸ್ಥಳಗಳು. ಕೆರೆಯ ಏರಿಯ ಮೇಲೆ ನೆಡಬಾರದು. ಮರ ಬೆಳೆದಂತೆ ಬೇರು ಬಹಳ ದೂರ ಹರಡುವುದರಿಂದ, ಭಾರವಾದ ಕೊಂಬೆ ಹಾಗೂ ಗಟ್ಟಿ ಕಾಯಿ ಬೀಳುವ ಸಂಭವವಿರುವುದರಿಂದ ಕಟ್ಟಡ, ವಿದ್ಯುತ್ ತಂತಿ ಹಾಗೂ ರಸ್ತೆಯಿಂದ ಕನಿಷ್ಠ 20 ಮೀಟರ್ ದೂರವಿರಲಿ.

ಬೇಸಿಗೆಯಲ್ಲಿ ಈ ಮರಕ್ಕೆ ಎಲೆ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಸ್ ನಿಲ್ದಾಣ, ಸಂತೆ ಕಟ್ಟೆ, ಅಂಗನವಾಡಿಯ ಅಂಗಳಕ್ಕೆ ಬೇಕಾಗಿರುವುದು ನೆರಳು. ಅದನ್ನು ಬೇವು, ಹೊಂಗೆ, ಹುಣಸೆ, ಆಲಗಳು ಕೊಡುತ್ತವೆ. ದೊಡ್ಡ ಹುಣಸೆ ಕೊಡುವುದಿಲ್ಲ. ಆದ್ದರಿಂದ ಈ ದೇಶೀಯ ಮರಗಳನ್ನು ತೆಗೆದು ಅಥವಾ ಅವುಗಳ ಬದಲಿಗೆ ಇದನ್ನು ನೆಡುವ ವಿಚಾರ ಬೇಡ. ಒಂದು ಗ್ರಾಮ ಪಂಚಾಯಿತಿಗೆ ತಕ್ಕ ಸ್ಥಳದಲ್ಲಿ ಮೂರು ನಾಲ್ಕು ಮರಗಳಾದರೆ ಸಾಕು. ಒಂದೇ ಮರ ನೆಟ್ಟರೆ ಕಾಯಿ ಕಟ್ಟುವುದು ಕಡಿಮೆ. ಬೇರೆ ಮರದ ಪರಾಗ ಬೇಕಾಗುತ್ತದೆ. ಆ ಪರಾಗವನ್ನು ರಾತ್ರಿ ಹೊತ್ತು ತರುವವು ಹಣ್ಣು ತಿನ್ನುವ ಬಾವಲಿಗಳು. ಹಳೆಯ ಮರಗಳಲ್ಲಿ ತೂಗುವ ಬಾವಲಿಗಳನ್ನು ಓಡಿಸಬಾರದೆಂಬುದಕ್ಕೆ ಇದೂ ಒಂದು ಕಾರಣ.

ಸಸಿ ಬೆಳೆಸುವ ಕ್ರಮ

ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಬಿತ್ತಿದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೊಳೆಯದು. ಬೀಜದ ಒಂದು ಅಂಚನ್ನು ಕಾನಸಿನಿಂದ ಒಳಗಿನ ಬಿಳಿಭಾಗ ಕಾಣುವಷ್ಟು ಉಜ್ಜಬೇಕು. ಇಲ್ಲವೇ ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಹಾಕಿ, ಆ ನೀರು ತಣ್ಣಗಾದ ಮೇಲೂ ಒಂದು ದಿನ ನೆನೆಯಲು ಬಿಡಬೇಕು. ಬೇಸಿಗೆಯ ಆರಂಭದಲ್ಲಿ ಮರಳು, ಕೆಂಪು ಮಣ್ಣು ಹಾಗೂ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ ದೊಡ್ಡ ಚೀಲಗಳಲ್ಲಿ ಒಂದು ಅಂಗುಲದಷ್ಟು ಆಳಕ್ಕೆ ಬಿತ್ತಬೇಕು. ಚಿಕ್ಕಂದಿನಲ್ಲಿಯೇ ಸಸಿಯ ತಾಯಿಬೇರು ಗಡ್ಡೆಯಂತೆ ಊದಿಕೊಳ್ಳುವುದರಿಂದ ಚಿಕ್ಕ ಚೀಲ ಸಾಲದು.

ಮುಂಗಾರು ಹಿಡಿದ ಮೇಲೆ ಎರಡು ಅಡಿ ಉದ್ದ, ಅಗಲ ಹಾಗೂ ಆಳದ ಗುಂಡಿಯಲ್ಲಿ ನೆಡಬೇಕು. ಮೊದಲ ಎರಡು ಬೇಸಿಗೆ ಮಿತವಾಗಿ ನೀರು ಕೊಟ್ಟರೆ ಸಾಕು. ಎಲ್ಲಕ್ಕಿಂತ ಮುಖ್ಯವಾದದ್ದು ಬೇಲಿ. ಎಲೆಯ ರುಚಿ ಕಂಡ ಆಡುಗಳು ಸಸಿಯನ್ನು ಉಳಿಸುವುದಿಲ್ಲ. ಬೇಲಿಯ ಖರ್ಚು ಹಾಗೂ ಎರಡು ವರ್ಷದ ನೀರಿನ ವ್ಯವಸ್ಥೆಯನ್ನು ಮೊದಲೇ ಯೋಜನೆಯಲ್ಲಿ ಸೇರಿಸದೆ ಸಸಿ ನೆಡುವುದು ವ್ಯರ್ಥ.

ಬೀಜದಿಂದ ಬೆಳೆದ ಮರ ಹೂ ಬಿಡಲು ಸಾಮಾನ್ಯವಾಗಿ ಎಂಟರಿಂದ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಕಾಯಿ ಬಿಡುವ ಮರದ ಕಡ್ಡಿಯನ್ನು ಕಸಿ ಕಟ್ಟಿದರೆ ಮೂರರಿಂದ ಐದು ವರ್ಷಗಳಲ್ಲಿ ಕಾಯಿ ಬರುವುದು ಆಫ್ರಿಕಾದ ಪ್ರಯೋಗಗಳಲ್ಲಿ ಕಂಡುಬಂದಿದೆ. ತೊಗರಿ ಅಥವಾ ಕಬ್ಬಿನ ಬದಲಿಗೆ ಹಣ ತರುವ ಬೆಳೆಯೆಂದು ಯಾರೂ ಇದನ್ನು ಹೊಲದಲ್ಲಿ ಹಾಕಬಾರದು. ಇದು ಊರಿನ ಆಸ್ತಿಯಾಗಿ, ಮುಂದಿನ ತಲೆಮಾರಿಗೆಂದು ನೆಡುವ ಮರ. ಹೆಚ್ಚಿನ ಸಲಹೆಗೆ ತೋಟಗಾರಿಕೆ ಇಲಾಖೆ, ಸಾಮಾಜಿಕ ಅರಣ್ಯ ವಿಭಾಗ ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಹಳೆಯ ಮರಗಳ ರಕ್ಷಣೆ

2023ರ ಜುಲೈ ತಿಂಗಳಲ್ಲಿ ಸವಣೂರಿನ ಮೂರು ಮರಗಳಲ್ಲಿ ಒಂದು ಮಳೆಗಾಳಿಗೆ ಬುಡಸಹಿತ ಉರುಳಿತು. ಅದನ್ನು ಕಡಿದು ಸಾಗಿಸದೆ, ಕೊಂಬೆಗಳ ಭಾರ ಇಳಿಸಿ, ಯಂತ್ರಗಳಿಂದ ಎತ್ತಿ ಅದೇ ಆವರಣದಲ್ಲಿ ಮತ್ತೆ ನಿಲ್ಲಿಸುವ ಕಾರ್ಯವನ್ನು ಹಾವೇರಿ ಜಿಲ್ಲೆಯ ಆಡಳಿತ ಹಾಗೂ ಅರಣ್ಯ ಇಲಾಖೆ ಕೈಗೊಂಡವು. ಉರುಳಿದ ಮರಕ್ಕೆ ಇಷ್ಟು ಶೀಘ್ರವಾಗಿ ನೆರವು ದೊರೆತದ್ದಕ್ಕೆ ಮುಖ್ಯ ಕಾರಣ, ಆ ಮರದ ಹೆಸರು ಹಾಗೂ ಮಹತ್ವ ಊರಿಗೂ ಇಲಾಖೆಗೂ ಮೊದಲೇ ತಿಳಿದಿತ್ತು ಎಂಬುದೇ. ಹೆಸರಿಲ್ಲದ ಮರ ಉರುಳಿದ್ದರೆ ಅದು ಅದೇ ದಿನ ಗರಗಸಕ್ಕೆ ಸಿಕ್ಕುತ್ತಿತ್ತು.

ಇನ್ನೊಂದು ಅಪಾಯ ಖರೀದಿದಾರರಿಂದ ಬರುತ್ತದೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಹಳೆಯ ಬಾವೋಬಾಬ್ ಮರಗಳನ್ನು ರೈತರಿಂದ ಕೊಂಡು, ಬೇರುಸಹಿತ ಕಿತ್ತು, ಬೇರೆ ರಾಜ್ಯಕ್ಕೆ ಸಾಗಿಸಲು ತೊಡಗಿದಾಗ ಸ್ಥಳೀಯರು ವಿರೋಧಿಸಬೇಕಾಯಿತು. ನೂರಾರು ವರ್ಷದ ಮರವನ್ನು ಒಮ್ಮೆ ಕೊಟ್ಟ ಮೇಲೆ ಆ ಊರಿನ ಯಾವ ತಲೆಮಾರೂ ಮತ್ತೆ ಅಂತಹುದನ್ನು ಕಾಣದು. ಇಂತಹ ಬೇಡಿಕೆ ಬಂದರೆ ರೈತರು ಮೊದಲು ಗ್ರಾಮ ಪಂಚಾಯಿತಿಗೆ ಹಾಗೂ ಅರಣ್ಯ ಇಲಾಖೆಗೆ ತಿಳಿಸಬೇಕು. ಖಾಸಗಿ ಜಮೀನಿನ ಮರಗಳನ್ನು ಕಡಿಯುವ ವಿಷಯದಲ್ಲಿಯೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ನಿಯಮಗಳು ಅನ್ವಯವಾಗುತ್ತವೆ ಎಂಬುದು ತಿಳಿದಿರಲಿ.

ಮರದ ವಯಸ್ಸಿನ ವಿಷಯದಲ್ಲಿಯೂ ಎಚ್ಚರ ಬೇಕು. ಈ ಜಾತಿಯ ದೊಡ್ಡ ಮರಗಳಲ್ಲಿ ಹಲವು ಕಾಂಡಗಳು ಕೂಡಿ ಬೆಳೆದಿರುತ್ತವೆ, ನಡುವೆ ಪೊಳ್ಳಾಗಿರುತ್ತದೆ. ಉಂಗುರ ಎಣಿಸಿ ವಯಸ್ಸು ಹೇಳುವುದು ನಂಬತಕ್ಕದ್ದಲ್ಲ. ಇಂಗಾಲದ ಪರೀಕ್ಷೆಯಿಂದ ಜಿಂಬಾಬ್ವೆಯ ಒಂದು ಮರಕ್ಕೆ ಸುಮಾರು 2,450 ವರ್ಷ ವಯಸ್ಸೆಂದು ತಿಳಿದಿತ್ತು. ಅಂತಹ ಅತಿ ಹಳೆಯ ಹದಿಮೂರು ಮರಗಳಲ್ಲಿ ಒಂಬತ್ತು, ಸುಮಾರು ಹನ್ನೆರಡು ವರ್ಷಗಳ ಅವಧಿಯಲ್ಲಿ ಪೂರ್ಣವಾಗಿ ಅಥವಾ ಭಾಗಶಃ ಸತ್ತವೆಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಬಹುಕಾಲ ಬಾಳಿದ ಮರವೆಂದ ಮಾತ್ರಕ್ಕೆ ಅದು ಇನ್ನು ಮುಂದೆಯೂ ತಾನಾಗಿ ಉಳಿಯುವುದೆಂದು ತಿಳಿಯಬಾರದು. ಪರೀಕ್ಷೆಯಾಗದ ಮರದ ಮುಂದೆ ಸಾವಿರಾರು ವರ್ಷವೆಂದು ಫಲಕ ಹಾಕುವ ಬದಲು ‘ಬಹಳ ಹಳೆಯ ಮರ’ ಎಂದು ಬರೆದರೆ ಸಾಕು.

ಪಂಚಾಯಿತಿಗಳು ಕೈಗೊಳ್ಳಬೇಕಾದ ಕ್ರಮಗಳು

2002ರ ಜೈವಿಕ ವೈವಿಧ್ಯ ಕಾಯ್ದೆಯ 41ನೇ ಪ್ರಕರಣದಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಈ ಸಮಿತಿಗಳು ದೊಡ್ಡ ಹುಣಸೆಯನ್ನು ಮಾತ್ರವಲ್ಲ, ವ್ಯಾಪ್ತಿಯಲ್ಲಿರುವ ಎಲ್ಲ ಹಿರಿಯ ಮರಗಳನ್ನು ಕೆಳಗಿನಂತೆ ದಾಖಲಿಸುವುದು ಅಗತ್ಯ.

1. ಮರವಿರುವ ಗ್ರಾಮ, ಸರ್ವೆ ನಂಬರು, ಜಮೀನು ಸರ್ಕಾರಿ, ಧಾರ್ಮಿಕ ಸಂಸ್ಥೆಯದು ಅಥವಾ ಖಾಸಗಿ ಎಂಬ ವಿವರ.
2. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆದ ಕಾಂಡದ ಸುತ್ತಳತೆ.
3. ಎಲೆ, ಹೂ, ಕಾಯಿ ಬರುವ ತಿಂಗಳುಗಳು. ಕಾಯಿ ಬಿಡುತ್ತದೆಯೇ ಇಲ್ಲವೇ ಎಂಬುದು.
4. ಊರಿನವರು ಕರೆಯುವ ಹೆಸರು, ಬಳಕೆ, ಮರದ ಬಗ್ಗೆ ಹಿರಿಯರು ಹೇಳುವ ಕಥೆ. ಕಥೆಯನ್ನು ಕಥೆಯೆಂದೇ ಬರೆಯಬೇಕು.
5. ನಾಲ್ಕು ದಿಕ್ಕಿನಿಂದ ತೆಗೆದ ಛಾಯಾಚಿತ್ರ. ಕಾಂಡದಲ್ಲಿ ಬಿರುಕು, ಕೊಳೆ, ಬೆಂಕಿಯ ಗುರುತು ಇದ್ದರೆ ಅದರ ವಿವರ.

ದಾಖಲೆಯೊಡನೆ ರಕ್ಷಣೆಯೂ ನಡೆಯಬೇಕು. ಮರದ ಬುಡಕ್ಕೆ ತಾಗುವಂತೆ ಸಿಮೆಂಟ್ ಕಟ್ಟೆ ಕಟ್ಟಬಾರದು. ಬೇರಿಗೆ ಗಾಳಿ, ನೀರು ಸೇರದೆ ಮರ ಸೊರಗುತ್ತದೆ. ಕಟ್ಟೆ ಬೇಕಾದರೆ ಬುಡದಿಂದ ದೂರ ಸರಿಸಿ, ಒಳಗೆ ಮಣ್ಣು ಹಾಗೆಯೇ ಬಿಡಬೇಕು. ಬುಡದ ಸುತ್ತ ಜೆಸಿಬಿಯಿಂದ ಚರಂಡಿ, ಪೈಪಿನ ತಗ್ಗು ತೋಡಬಾರದು. ಕಸ ಸುಡಬಾರದು. ಕಾಂಡದಲ್ಲಿ ಮೊಳೆ ಹೊಡೆಯುವುದು, ಹೆಸರು ಕೊರೆಯುವುದು, ಜಾಹೀರಾತು ಹಚ್ಚುವುದನ್ನು ತಡೆಯಬೇಕು. ರಸ್ತೆ ಅಥವಾ ಕಟ್ಟಡದ ಅಂದಾಜು ಪತ್ರಿಕೆ ತಯಾರಿಸುವಾಗ ದಾಖಲಾತಿಯ ಮರಗಳ ಪಟ್ಟಿಯನ್ನು ಅಭಿಯಂತರರಿಗೆ ಮೊದಲೇ ಕೊಡಬೇಕು. ಕಾಮಗಾರಿ ಆರಂಭವಾದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ.

ಹಿರಿಯ ಮರಗಳ ತೋಪನ್ನೇ ಕಾನೂನಿನ ಮೂಲಕ ಉಳಿಸಿದ ಉದಾಹರಣೆ ನಮ್ಮ ರಾಜ್ಯದಲ್ಲಿದೆ. ದೇವನಹಳ್ಳಿ ಸಮೀಪದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ದೇವಲ ಗಾಣಗಾಪುರದಲ್ಲಿ ಔದುಂಬರ ವೃಕ್ಷಕ್ಕೆ ಭಕ್ತರು ತೋರುವ ಗೌರವವನ್ನು ನಾವೆಲ್ಲರೂ ಕಂಡಿದ್ದೇವೆ. ಅತ್ತಿಯ ಮರಕ್ಕೆ ಅಲ್ಲಿ ಕಾವಲುಗಾರರೇ ಬೇಕಾಗಿಲ್ಲ. ಅಂತಹ ನಂಬಿಕೆಯ ಆಸರೆ ಇಲ್ಲದ ಮರಗಳಿಗೆ ಪಂಚಾಯಿತಿಯ ದಾಖಲೆಯೇ ಆಸರೆ.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಹಿರಿಯ ಮರಗಳ ಪಟ್ಟಿಯನ್ನು ಒಂದು ವಿಷಯವಾಗಿ ಇಟ್ಟು ಚರ್ಚಿಸುವುದು, ಊರಿನ ಹಿರಿಯರು, ಕುರಿಗಾಹಿಗಳು ಹಾಗೂ ಶಾಲಾ ಮಕ್ಕಳ ನೆರವಿನಿಂದ ಮರಗಳನ್ನು ಹುಡುಕಿ ಅಳೆಯುವುದು, ಅವುಗಳಲ್ಲಿ ದೊಡ್ಡ ಹುಣಸೆ ಕಂಡುಬಂದಲ್ಲಿ ಅರಣ್ಯ ಇಲಾಖೆಯ ಸ್ಥಳೀಯ ಅಧಿಕಾರಿಗಳಿಂದ ಖಚಿತಪಡಿಸಿಕೊಂಡು ದಾಖಲಾತಿಯಲ್ಲಿ ಹೆಸರುಸಹಿತ ನಮೂದಿಸುವುದು ಸೂಕ್ತವಾಗಿರುತ್ತದೆ. ಒಂದು ಅಳತೆ ಪಟ್ಟಿ, ಒಂದು ಮೊಬೈಲ್ ಕ್ಯಾಮೆರಾ ಹಾಗೂ ಅರ್ಧ ದಿನದ ಸಮಯವಿದ್ದರೆ ಒಂದು ಗ್ರಾಮದ ಕೆಲಸ ಮುಗಿಯುತ್ತದೆ.